ಇಬ್ರಿಯಲ್ಲಿ ನಾನು ಕೊಟ್ಟ ಗೇಣಿ

ಒಮಾನಿನ ಇಬ್ರಿಯಲ್ಲಿ, ನಮ್ಮ ಬಾಡಿಗೆ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಬಸಳೆ ಬೆಳೆದವಳು ನಾನು. ಜಂಬದಿಂದಲೇ ಹೇಳುತ್ತೇನೆ. ಅಲ್ಲಿದ್ದದ್ದು ಬರೀ ಕಲ್ಲು, ಮರಳು. ಆಡಿನ ಗೊಬ್ಬರ, ಅಡುಗೆಮನೆಯ ಸಿಪ್ಪೆ, ಒಣಗರಿ ಹಾಕಿ ಹಾಕಿ, ಕೈ ಬೊಬ್ಬೆ ಬರುವಷ್ಟು ಅಗೆದು ಅದನ್ನು ಕಪ್ಪು ಮಣ್ಣಾಗಿಸಿದೆ.

ಮನೆ, ಜಾಗ ಎರಡೂ ನನ್ನ ಗಂಡನ ಕಫೀಲರದ್ದು, ಅಂದರೆ ವೀಸಾ ಕೊಡಿಸಿದ ಅರಬ್ ಯಜಮಾನರದ್ದು. ಇವರಿಗೆ ಕೆಲಸವೂ ಅವರ ಹಾರ್ಡ್‌ವೇರ್ ಅಂಗಡಿಯಲ್ಲೇ. ಪ್ರತಿ ಚಳಿಗಾಲದ ಮೊದಲ ಕೊಯ್ಲನ್ನು ಬುಟ್ಟಿ ತುಂಬಿಸಿ ಬೀದಿಯಾಚೆಗಿನ ಅವರ ಮನೆಗೆ ಕಳಿಸುತ್ತಿದ್ದೆ. ಉಡುಪಿ ಕಡೆ ನನ್ನ ಅಪ್ಪ ಗೇಣಿ ಒಕ್ಕಲು. ಮೊದಲ ಸೌತೆಕಾಯಿ ಧಣಿಯ ಮನೆ ಮುಟ್ಟಿದ ಮೇಲೆಯೇ ನಮಗೆ. ಗೇಣಿ ಕೊಟ್ಟವರನ್ನು ಸುಲಭಕ್ಕೆ ಎಬ್ಬಿಸಲಾಗದು ಎಂಬ ಧೈರ್ಯ ನನ್ನದು. ಬುಟ್ಟಿ ತುಂಬ ಖರ್ಜೂರ ವಾಪಸ್ ಬರುತ್ತಿತ್ತು. ಅದನ್ನೇ ರಶೀದಿ ಎಂದುಕೊಂಡೆ.

ಕಳೆದ ವರ್ಷ ಕಫೀಲ್ ಬಂದು, "ಇಲ್ಲಿ ಅಂಗಡಿ ಕಟ್ಟಬೇಕು. ತೋಟ ಖಲಾಸ್," ಎಂದರು.

"ಸುಮ್ನಿರು ಮಾರಾಯ್ತಿ, ವೀಸಾ ಅವರ ಕೈಯಲ್ಲುಂಟು," ಗಂಡ ಪಿಸುಗುಟ್ಟಿದರು.

ಮಗಳಿಗೆ ಖುಷಿಯೋ ಖುಷಿ. "ಮಮ್ಮಿ, ಸೇಮ್ ನಮ್ಮ ಹಿಸ್ಟರಿ ಪ್ರಾಜೆಕ್ಟ್! ಅಮೆರಿಕದಲ್ಲಿ ಸೆಟ್ಲರ್ಸ್ ಕಾಡು ಕಡಿದು ಹೊಲ ಮಾಡಿದ್ರು. ಆಮೇಲೆ ಜಾಗ ನಂದು ಅಂತ ಓನರ್ ರಾಜನ ಪೇಪರ್ ಹಿಡ್ಕೊಂಡು ಬಂದ."

"ಗೆದ್ದದ್ದು ಯಾರು?"

"ಕೆಲವು ಕಡೆ ಸೆಟ್ಲರ್ಸ್, ಕೆಲವು ಕಡೆ ಓನರ್. ಬಟ್ ಇಬ್ರಿಗಿಂತ್ಲೂ ಮೊದಲೇ ಅಲ್ಲಿದ್ದ ಜನರನ್ನು ಇಬ್ರೂ ಕೇಳ್ಲೇ ಇಲ್ಲ."

ನನಗೆ ಪಿತ್ತ ನೆತ್ತಿಗೇರಿತ್ತು. ಹರಕುಮುರುಕು ಹಿಂದಿಯಲ್ಲಿ ಕಫೀಲರನ್ನು ಕೇಳಿಯೇ ಬಿಟ್ಟೆ: "ಇಷ್ಟು ವರ್ಷ ಬುಟ್ಟಿ ತುಂಬ ಬಾಡಿಗೆ ಕೊಟ್ಟಿದ್ದೇನೆ. ಈಗ ಏಳು ಅಂದರೆ ಹೇಗೆ?"

"ಬಾಡಿಗೆಯಾ?" ಅವರು ಕಣ್ಣರಳಿಸಿದರು. "ಹಾಗೆಂದು ಗೊತ್ತಿದ್ದರೆ ಮುಟ್ಟುತ್ತಲೇ ಇರಲಿಲ್ಲ, ಸಿಸ್ಟರ್. ನೆರೆಮನೆಯವರು ಕೊಟ್ಟದ್ದೆಂದು ತಿಂದೆವು. ನೆರೆಮನೆಯ ಬುಟ್ಟಿಯನ್ನು ಖಾಲಿ ಕಳಿಸುತ್ತಾರಾ?"

ಧಣಿಯ ಮನೆಯಿಂದ ಅಪ್ಪನ ಬುಟ್ಟಿ ಒಂದು ದಿನವೂ ತುಂಬಿ ಬಂದದ್ದಿಲ್ಲ.

ಅವರು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೂಸಿದರು. "ಜಾಗ ನನ್ನದು, ಅಂಗಡಿ ಕಟ್ಟಿಯೇ ಕಟ್ಟುತ್ತೇನೆ. ಆದರೆ ಈ ಮಣ್ಣು ನಿಮ್ಮದು."

ಮುಂದಿನ ವಾರ ಜೆಸಿಬಿ ಬಂತು. ಪಾಯ ತೋಡುವ ಮೊದಲು ನನ್ನ ಮಣ್ಣನ್ನೆಲ್ಲ ಕೆರೆದು ನಮ್ಮ ಅಂಗಳಕ್ಕೆ ತಂದು ಸುರಿಯಿತು. ಕಫೀಲ್ ಬಿಸಿಲಲ್ಲಿ ನಿಂತು, ಒಂದು ಬಾಂಡಲಿ ಮಣ್ಣೂ ಆಚೆ ಹೋಗದಂತೆ ನೋಡಿಕೊಂಡರು. ಈಗ ಬಸಳೆ ಚಪ್ಪರ ಇರುವುದು ಅಂಗಳದಲ್ಲೇ.

ಈ ಚಳಿಗಾಲವೂ ಮೊದಲ ಬುಟ್ಟಿ ತುಂಬಿಸಿದೆ.

"ಗೇಣಿ ಹೊರಟಿತಾ?" ಗಂಡ ಛೇಡಿಸಿದರು.

"ಎಂತ ಗೇಣಿ?" ಎಂದೆ ನಾನು, ಒಕ್ಕಲಿನ ಮಗಳು. "ನೆರೆಮನೆಗೆ."