ಪಾರವ್ವನ ಏಳು ಕಂಪ್ಯೂಟರು, ಪ್ರಣೀತಾಳ ಶನಿವಾರ

ಬೆಳಗಿನ ಆರೂಕಾಲು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಲಾರಿಗಳು ಇನ್ನೂ ಖಾಲಿಯಾಗುತ್ತಿವೆ. ಅದರ ಹಿಂದಿನ ಗಲ್ಲಿಯ ಮರಾಠಿ ಶಾಲೆಯಲ್ಲಿ ಪಾರವ್ವ ಕಂಪ್ಯೂಟರ್ ಕೋಣೆಯ ಬೀಗ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಗಡ್ಡದ ಬ್ರಶ್ಶಿನಿಂದ ಕೀಬೋರ್ಡುಗಳ ಸಂದಿ ಗುಡಿಸುತ್ತಿದ್ದಾರೆ. ಕಿಟಕಿಯಿಂದ ಹಾರಿಬರುವ ಈರುಳ್ಳಿ ಸಿಪ್ಪೆ ಗುಂಡಿಗಳ ಕೆಳಗೆ ಸೇರಿಕೊಳ್ಳುತ್ತದೆ. ಮೂರು ದಿನ ಹಾಗೇ ಬಿಟ್ಟರೆ ಎಷ್ಟು ಒತ್ತಿದರೂ ಅಕ್ಷರ ಮೂಡುವುದಿಲ್ಲ.

“ನಮ್ಮ ಮನಿಯವ್ರು ನಗ್ತಾರ್ರಿ. ‘ಏನ ಪಾರವ್ವ, ಕಂಪ್ಯೂಟರ್‌ಗೂ ಗಡ್ಡ ಬಂದಾವೇನ?’ ಅಂತ. ಬರ್ಲಿ ಬಿಡ್ರಿ. ಅವರಕಿಂತ ಇವ ಹೆಚ್ಚ ಕೆಲಸ ಮಾಡ್ತಾವ!”

ಶಾಲೆಯ ದಫ್ತರದಲ್ಲಿ ಅವರದು ಇಂದಿಗೂ ಕಸಗುಡಿಸುವ ಹುದ್ದೆ. ಮಕ್ಕಳು ಕರೆಯುವುದು ‘ಮಾವಶಿ’ ಎಂದು, ಅಂದರೆ ಚಿಕ್ಕಮ್ಮ. ಇಂಡಿ ತಾಲೂಕಿನಿಂದ ಮದುವೆಯಾಗಿ ಬಂದ ಪಾರವ್ವನಿಗೆ ಈಗ ನಲವತ್ತೊಂಬತ್ತು. ಗಂಡ ಮುರುಗೆಪ್ಪ ಯಾರ್ಡಿನ ಒಂದು ದಲಾಲಿ ಅಡತಿಯಲ್ಲಿ ಗುಮಾಸ್ತ. ಹಿಂದೆ ಇಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮಾಸ್ತರು ಪಾಠ ಹೇಳುವಾಗ ಪಾರವ್ವ ಕಸಬರಿಗೆ ಹಿಡಿದು ಹಿಂದೆ ನಿಂತಿರುತ್ತಿದ್ದರು. ಮುಟ್ಟುವ ಧೈರ್ಯವಿರಲಿಲ್ಲ, ಕಣ್ಣಿಗೆ ಅಡ್ಡಿಯಿರಲಿಲ್ಲ. ಮಾಸ್ತರು ಕೆಲಸ ಬಿಟ್ಟರು. ಕೋಣೆ ಒಂದು ವರ್ಷ ಬೀಗ ಕಂಡಿತು. ಧೂಳು ಹೊಡೆಯಲೆಂದು ಅದನ್ನು ತೆರೆದ ದಿನ ಮಕ್ಕಳು ನುಗ್ಗಿದರು, ಪಾರವ್ವ ಕಂಡಷ್ಟನ್ನು ಹೇಳಿಕೊಟ್ಟರು. ಆಮೇಲೆ ಹದಿನೆಂಟರ ಹುಡುಗರ ನಡುವೆ ಕೂತು ಸರ್ಕಾರಿ ಕಂಪ್ಯೂಟರ್ ಪರೀಕ್ಷೆ ಕಟ್ಟಿದರು. ಮೊದಲ ಸಲ ಫೇಲು, ಎರಡನೇ ಸಲ ಪಾಸು. ಅಂದಿನಿಂದ ಕಂಪ್ಯೂಟರ್ ಪಾಠ ಅವರ ಕೈಗೇ ಬಂತು.

ಇರುವ ಹನ್ನೊಂದು ಯಂತ್ರಗಳಲ್ಲಿ ನಡೆಯುವುದು ಏಳು. ಐದನೇ ಇಯತ್ತೆಯ, ಅಂದರೆ ಐದನೇ ತರಗತಿಯ, ಮಕ್ಕಳು ಅರವತ್ತಮೂರು. ಒಂದು ಸರದಿಗೆ ಇಪ್ಪತ್ತೊಂದು ಮಂದಿ, ಯಂತ್ರಕ್ಕೆ ಮೂವರು. ಒಬ್ಬರ ಕೈಗೆ ಮೌಸು, ಇನ್ನೊಬ್ಬರಿಗೆ ಕೀಬೋರ್ಡು. ಮೂರನೆಯವರು ಕೈ ಹಿಂದೆ ಕಟ್ಟಿ ನಿಂತು, ಏನು ಮಾಡಬೇಕೆಂದು ಬಾಯಲ್ಲೇ ಹೇಳಬೇಕು. ಮುಟ್ಟಿದರೆ ಸರದಿ ಹೋಯಿತು. ಹದಿಮೂರು ನಿಮಿಷಕ್ಕೊಮ್ಮೆ ಪಾರವ್ವ ಸ್ಟೀಲ್ ತಾಟು ಬಡಿಯುತ್ತಾರೆ, ಜಾಗ ಬದಲಾಗುತ್ತದೆ.

“ಕೈ ಕಲ್ತದ್ದನ್ನ ಕೈ ಮರೀತದ್ರಿ. ಬಾಯಿಲೆ ಹೇಳಿದ್ದು ಮರಿಯಂಗಿಲ್ಲ. ನಾ ಹಂಗ ಕಲ್ತಾಕಿ.”

ಹೀಗೆ ನಡೆದಿದ್ದ ಬದುಕಿಗೆ ದೀಪಾವಳಿ ರಜೆಯ ನಂತರ ಪ್ರಣೀತಾ ಬಂದಳು. ಮಗರಪಟ್ಟಾದ ಕಚೇರಿಯೊಂದರ ಎಂಜಿನಿಯರ್, ಬಿಡುವಿನ ದಿನ ಮಕ್ಕಳಿಗೆ ಪಾಠ ಹೇಳಲು ಬಂದವಳು. ಉಡುಪಿ ಕಡೆಯಿಂದ ಬಂದು ಪುಣೆಯಲ್ಲಿ ಹೋಟೆಲು ಹಾಕಿದವರ ಮಗಳು. ಇಪ್ಪತ್ತೈದು ಹೊಸ ಟ್ಯಾಬ್ಲೆಟ್ಟು ತಂದಳು, ಮಗುವಿಗೊಂದು. ಶನಿವಾರ ಸಭಾಗೃಹದಲ್ಲಿ ಅವಳ ತರಗತಿ, ಸರದಿಯ ಮೇಲೆ ಇಪ್ಪತ್ತೈದು ಮಕ್ಕಳಿಗೆ. ಬಂದ ದಿನವೇ “ಪಾರವ್ವಕ್ಕ, ನೀವು ಕನ್ನಡದವರಾ! ಎಷ್ಟು ಖುಷಿ ಆಯ್ತು ಗೊತ್ತುಂಟಾ!” ಎಂದು ಕೈ ಹಿಡಿದುಕೊಂಡಿದ್ದಳು.

ಪಾರವ್ವನಿಗೆ ಖುಷಿಯಾಗಲಿಲ್ಲ. ಶನಿವಾರ ಮಕ್ಕಳು ತಮ್ಮ ಕೋಣೆಯ ಮುಂದಿನಿಂದಲೇ ಓಡಿ ಸಭಾಗೃಹ ಸೇರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಮ್ಮ ಹಿಂದೆ ಮುಂದೆ ಸುಳಿಯುತ್ತಿದ್ದ ಓಂಕಾರ್ ಎಂಬ ಹುಡುಗ ಕೂಡ “ಮಾವಶಿ, ತಿಕಡೆ ಗೇಮ್ ಆಹೇ!”, ಅಲ್ಲಿ ಗೇಮ್ ಇದೆ, ಎಂದು ಕೂಗಿ ಮಾಯವಾದ. ಅಂದಿನಿಂದ ಸಭಾಗೃಹದ ಎದುರಿನ ಪಡಸಾಲೆಯನ್ನು ಪಾರವ್ವ ಶನಿವಾರ ಮೂರು ಮೂರು ಸಲ ಒರೆಸತೊಡಗಿದರು, ಕಣ್ಣು ಮಾತ್ರ ಒಳಗೆ.

“ಹೊಟ್ಟಿ ಉರೀತಿತ್ರಿ, ಸುಳ್ಳ್ಯಾಕ ಹೇಳ್ಲಿ? ಆಕಿ ಕೆಟ್ಟಾಕಿ ಇದ್ದಿದ್ರ ಛಲೋ ಇತ್ತು. ಮನಸಾರೆ ಬೈಕೊಂಡು ಮಲಗಬಹುದಿತ್ತು. ಭಾಳ ಒಳ್ಳೇಕಿ ಅದಾಳ್ರಿ. ಅದಕ್ಕ ಇನ್ನೂ ಹೆಚ್ಚ ಉರೀತಿತ್ತು.”

ಫೆಬ್ರವರಿಯಲ್ಲಿ ಮುಖ್ಯೋಪಾಧ್ಯಾಯಿನಿ ಸುಲಭಾ ಬಾಯಿ ಒಂದು ಮಾತು ಹೇಳಿದರು. ಜೂನಿನಿಂದ ಐದನೇ ಇಯತ್ತೆಯ ಕಂಪ್ಯೂಟರ್ ಪಾಠ ಒಬ್ಬರ ಕೈಯಲ್ಲೇ ಇರಬೇಕು, ಪಾರವ್ವನೋ ಪ್ರಣೀತಾಳೋ ಎಂದು ಮಾರ್ಚಿನಲ್ಲಿ ತೀರ್ಮಾನ. ಸೋತರೆ ಪಾರವ್ವನಿಗೆ ಉಳಿಯುವುದು ಕಸಬರಿಗೆ ಮತ್ತು ಶಾಲೆಯ ಗಂಟೆ ಬಾರಿಸುವ ಕೆಲಸ.

ಟ್ಯಾಬ್ಲೆಟ್ಟುಗಳಿಗೆ ಚಾರ್ಜು ಆಗುವುದು ಪಾರವ್ವನ ಕೋಣೆಯಲ್ಲಿ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಸಾಲಾಗಿ ಜೋಡಿಸಿ, ಸ್ವಿಚ್ ಹಾಕಿ ಹೋಗುವುದು ಅವರದೇ ಕೆಲಸ. ಮಾರ್ಚಿನ ಮೊದಲ ಶುಕ್ರವಾರ ಜೋಡಿಸಿದರು. ಸ್ವಿಚ್ ಹಾಕದೆ ಬೀಗ ಹಾಕಿದರು.

ಮರುದಿನ ಇಪ್ಪತ್ತೈದೂ ಕಪ್ಪು. ಮಕ್ಕಳ ಮುಖ ಅದಕ್ಕಿಂತ ಕಪ್ಪು. ಮರೆತೆ ಎಂದರು ಪಾರವ್ವ. ಪ್ರಣೀತಾ ಬೈಯಲಿಲ್ಲ.

“ಅಯ್ಯೋ, ಇರ್ಲಿ ಅಕ್ಕ. ನಾನೇ ಒಂದು ಮೆಸೇಜ್ ಹಾಕಿ ನೆನಪು ಮಾಡ್ಬೇಕಿತ್ತು. ಇವತ್ತು ಕ್ಲಾಸ್ ನೀವೇ ತಗೊಳ್ಳಿ, ಪ್ಲೀಸ್. ನಾನೂ ನೋಡ್ತೇನೆ.”

ಇಪ್ಪತ್ತೈದು ಮಕ್ಕಳು ಏಳು ಯಂತ್ರಗಳಿಗೆ ಹಂಚಿಹೋದರು, ಕೆಲವಕ್ಕೆ ನಾಲ್ವರು. ತಾಟು ಬಡಿಯಿತು. ಓಂಕಾರ್ ಕೈ ಹಿಂದೆ ಕಟ್ಟಿ, ಗೆಳತಿಗೆ ಚಿತ್ರ ಎಲ್ಲಿ ಹುಡುಕಬೇಕು, ಯಾವ ಹೆಸರಲ್ಲಿ ಉಳಿಸಬೇಕು ಎಂದು ಒಂದೂ ತಪ್ಪದೆ ಹೇಳಿದ. ಪ್ರಣೀತಾ ಗೋಡೆಗೊರಗಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತ ನಿಂತಿದ್ದಳು. ಕೊನೆಯಲ್ಲಿ ಚಪ್ಪಾಳೆ ಹೊಡೆದಳು. ನೇರ ಸುಲಭಾ ಬಾಯಿಯ ಕೋಣೆಗೆ ಹೋಗಿ, ಐದನೇ ಇಯತ್ತೆ ಪಾರವ್ವಕ್ಕನ ಹತ್ತಿರವೇ ಇರಲಿ, ನಾನು ಬೇಕಾದರೆ ಆರನೆಯದನ್ನು ನೋಡುತ್ತೇನೆ ಎಂದು ಹೇಳಿ ಬಂದಳು.

ಗೆದ್ದಂತಾಯಿತು. ಸುಳ್ಳಿನಿಂದ ಗೆದ್ದದ್ದು ಪಾರವ್ವನಿಗೆ ಸೇರಲಿಲ್ಲ. ಸೋಮವಾರ ಸುಲಭಾ ಬಾಯಿಯ ಎದುರು ನಿಂತು, ಪ್ರಣೀತಾಳಿಗೆ ಫೋನು ಹಚ್ಚಿಸಿ, ಇಬ್ಬರಿಗೂ ಒಟ್ಟಿಗೇ ಹೇಳಿದರು: ಮರೆತಿರಲಿಲ್ಲ, ಬೇಕೆಂದೇ ಬಿಟ್ಟೆ.

“ಆಕಿ ಫೋನ್ ಇಟ್ಟಬಿಟ್ಲು. ಅತ್ಲೋ ಸಿಟ್ಟಾದ್ಲೋ ಗೊತ್ತಾಗ್ಲಿಲ್ಲ. ಸುಲಭಾ ಬಾಯಿಯವ್ರು ಬೈದ್ರು, ಬೈಬೇಕಾದ್ದ. ‘ಮಕ್ಕಳ ಒಂದು ತಾಸ ಕಸ್ಕೊಂಡಿ’ ಅಂದ್ರು. ಆ ಮಾತು ಭಾಳ ಹತ್ತಿತ್ರಿ.”

ಸುಲಭಾ ಬಾಯಿಯ ತೀರ್ಮಾನ: ಜೂನಿನಿಂದ ಐದನೇ ಇಯತ್ತೆ ಪ್ರಣೀತಾಳದು. ಏಳು ಯಂತ್ರಗಳೂ, ಮೂವರ ಸರದಿಯೂ ಅವಳ ಪಾಠದಲ್ಲೇ ಸೇರಲಿವೆ. ಪಾರವ್ವ ಪಕ್ಕದಲ್ಲಿ ಇರುತ್ತಾರೆ, ನೆರವಿಗೆ. ಹೊಟ್ಟೆಕಿಚ್ಚು ಹೋಯಿತೇ ಎಂದರೆ ಪಾರವ್ವ ನಗುತ್ತಾರೆ.

“ಎಲ್ಲಿ ಹೋಗ್ತದ್ರಿ? ಅದ, ಇಲ್ಲೇ ಅದ. ಸ್ವಿಚ್ ಮಾತ್ರ ಹಾಕ್ತೀನಿ.”

ಆದರೂ ಸುಲಭಾ ಬಾಯಿಯ ಬಳಿ ಒಂದು ಕೋರಿಕೆ ಇಟ್ಟಿದ್ದಾರೆ. ಅವರಿನ್ನೂ ಹೂಂ ಅಂದಿಲ್ಲ.

“ಮೊದಲನೇ ದಿವ್ಸ ನನಗ ಕೊಡ್ರಿ ಅಂದೀನಿ. ಅವತ್ತ ಹುಡುಗ್ರು ಮೌಸು ಹಿಡಿಯೂದು ನೋಡಬೇಕ್ರಿ ನೀವು. ಕೋಳಿಮರಿ ಹಿಡ್ದಂಗ ಹಿಡೀತಾವ, ಬಿಟ್ರ ಓಡಿಹೋಗ್ತದೇನೋ ಅನ್ನೂಹಂಗ. ಮಾಸ್ತರು ಹ್ವಾದಾಗಿಂದ ಈ ಸಾಲ್ಯಾಗ ಆ ಕೈ ಮ್ಯಾಲೆ ಮೊದಲು ಬಿದ್ದ ಕೈ ನಂದ. ಅದೊಂದ ದಿವ್ಸ ಯಾರಿಗೂ ಬಿಟ್ಟುಕೊಡಂಗಿಲ್ಲ. ಎರಡನೇ ದಿವ್ಸದಿಂದ ಎಲ್ಲಾ ಆಕೀದ.”