ಹುಣಸೇಮರದಲ್ಲಿ ಕರೆಂಟು

ನಮ್ಮ ಡಾಕ್ಟ್ರಮ್ಮನ ಮುಂದಿನ ಎರಡು ಹಲ್ಲುಗಳ ನಡುವೆ ಕಡಲೆಬೀಜ ತೂರುವಷ್ಟು ಸಂದಿಯಿತ್ತು. ನಕ್ಕರೆ ಅಲ್ಲಿಂದ ಸಣ್ಣ ಸಿಳ್ಳೆ ಬರುತ್ತಿತ್ತು. ಅದನ್ನು ಕೇಳಲೆಂದೇ ಜ್ವರವಿಲ್ಲದವರೂ ಆಸ್ಪತ್ರೆಗೆ ಬರುತ್ತಾರೆಂದು ನನಗೆ ಅನುಮಾನ.

ದೇವನಹಳ್ಳಿ ಕಡೆಯ ಆ ಸಣ್ಣ ಆಸ್ಪತ್ರೆಯಲ್ಲಿ ನಾನು ಅವರ ಕೈಕೆಳಗಿನ ಡಾಕ್ಟರು. ಮಧುರೆ ಹೋಬಳಿಯ ನೀರುಗಂಟಿಯ ಮಗ; ಅಪ್ಪ ಕೆರೆಯ ತೂಬು ಕಾದು ಗದ್ದೆಗಳಿಗೆ ನೀರು ಹಂಚುತ್ತಿದ್ದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಇಂಗ್ಲಿಷನ್ನು ಕಲ್ಲು ಅಗಿದಂತೆ ಅಗಿದು ಡಾಕ್ಟರಾದೆ. ಡಾಕ್ಟ್ರಮ್ಮನೋ ಬೆಂಗಳೂರಿನ ಡಾಕ್ಟರೊಬ್ಬರ ಮಗಳು. ಹೊಟ್ಟೆಕಿಚ್ಚಿಗೆ ಅಷ್ಟು ಸಾಲದೆ?

ಪಂಪ್‌ಸೆಟ್ಟುಗಳಿಗೆ ಆಗತಾನೇ ಕರೆಂಟು ಬಂದಿದ್ದ ಕಾಲ. ಒಂದು ಮಧ್ಯಾಹ್ನ, ನಲ್ಲೂರಿನಲ್ಲಿ ಹುಣಸೇಹಣ್ಣು ಉದುರಿಸುವಾಗ ಮರದಿಂದ ಬಿದ್ದವನೊಬ್ಬನನ್ನು ಅವನಣ್ಣ ಗಾಡಿಯಲ್ಲಿ ತಂದ. ಮೈಮೇಲೆ ಒಂದು ಗೀರೂ ಇಲ್ಲ. ಮಾತಾಡುತ್ತಿದ್ದ, ನೀರು ಕೇಳುತ್ತಿದ್ದ, ಸುಮ್ಮನೆ ಮಲಗಲಾರ. ಹಣೆಯಲ್ಲಿ ತಣ್ಣನೆ ಬೆವರು. ಉಗುರು ಬಿಳಿಚಿತ್ತು. ಕೈಕಾಲು ಮಡಕೆ ನೀರಿನಷ್ಟು ತಣ್ಣಗೆ. ನಾಡಿ ನೂಲಿನಂತೆ ಸಣ್ಣಗಾಗಿ ಓಡುತ್ತಿತ್ತು. ಒಳಗೆಲ್ಲೋ ರಕ್ತ ಸೋರುತ್ತಿದೆಯೆಂದು ನನಗೆ ತಿಳಿಯಲು ತಡವಾಗಲಿಲ್ಲ. "ಶಾಕ್‌ನಲ್ಲಿದ್ದಾನೆ. ಈಗ್ಲೇ ಬೆಂಗಳೂರಿಗೆ ಸಾಗಿಸ್ಬೇಕು," ಎಂದೆ.

"ಹುಣಸೇಮರದಾಗೆ ಕರೆಂಟ್ ಎಲ್ಲೈತೆ ಸ್ವಾಮಿ?" ಎಂದ ಅಣ್ಣ. ವರಾಂಡವೆಲ್ಲ ನಕ್ಕಿತು. "ಏಳ್ಲಾ, ಮನೇಗೋಗಿ ಬಿಸಿನೀರು ಉಯ್ಕೊಂಡ್ರೆ ಸರಿಹೋಯ್ತದೆ."

ನಾನು ಬಿಪಿ, ಪಲ್ಸ್ ಎಂದು ಕೂಗಿದಷ್ಟೂ ಅವನು ತಮ್ಮನನ್ನು ಎತ್ತಿ ಕೂರಿಸುತ್ತಿದ್ದ.

ಅಷ್ಟರಲ್ಲಿ ಡಾಕ್ಟ್ರಮ್ಮ ಬಂದರು. ಬಿದ್ದವನನ್ನು ಮತ್ತೆ ಮಲಗಿಸಿ, ಕಾಲಡಿಗೆ ದಿಂಬಿಟ್ಟು, ಸಲೈನ್ ಹಾಕಿಸುತ್ತಲೇ ಅಣ್ಣನಿಗೆ ಹೇಳಿದರು: "ಯಜಮಾನ್ರೇ, ತಮ್ಮನ ಪಾದ ಮುಟ್ಟಿ ನೋಡಿ. ಇವ್ನ ಕೆರೆ ಏರಿ ಒಳಗೊಳಗೇ ಒಡೆದಿದೆ, ನೀರು ಹೊರಗೆ ಕಾಣ್ತಿಲ್ಲ ಅಷ್ಟೆ. ಕೆರೆ ಬತ್ತಿದ್ರೆ ಮೊದ್ಲು ಒಣಗೋದು ಕಾಲುವೆ ಕೊನೇ ಗದ್ದೆ ಅಲ್ವಾ?"

ಅಣ್ಣ ಪಾದ ಮುಟ್ಟಿದ. ಮುಖ ಕಪ್ಪಿಟ್ಟಿತು. "ಎಲ್ಲಿಗ್ ಕರ್ಕೊಂಡೋಗ್ಲಿ ಹೇಳಿ ತಾಯಿ," ಎಂದ.

ನೀರುಗಂಟಿಯ ಮಗ ನಾನು! ಆ ಮಾತು ನನ್ನ ಬಾಯಲ್ಲಿ ಹುಟ್ಟಬೇಕಿತ್ತು. ನಮ್ಮಪ್ಪನ ಗಂಟನ್ನೇ ಯಾರೋ ಹೊತ್ತೊಯ್ದಂತೆ ಉರಿಯಿತು.

ತಮ್ಮ ಬದುಕಿದ. ಬಿದ್ದ ಪೆಟ್ಟಿಗೆ ಹೊಟ್ಟೆಯೊಳಗೆ ಒಡೆದಿದ್ದ ಗುಲ್ಮವನ್ನು ಬೆಂಗಳೂರಿನಲ್ಲಿ ತೆಗೆದರು. ಹುಣಸೇಹಣ್ಣಿನ ಬುಟ್ಟಿ ಬಂದದ್ದು ಮಾತ್ರ ಡಾಕ್ಟ್ರಮ್ಮನಿಗೆ. "ಕಾಯಿಲೆ ಗುರುತು ಹಿಡಿದೋರು ಇವ್ರು ಕಣಪ್ಪಾ," ಎಂದು ಅವರು ನನ್ನನ್ನು ತೋರಿಸಿದರು.

"ಗೊತ್ತು ಬುಡಿ, ಶಾಕ್ ಡಾಕ್ಟ್ರು," ಎಂದ ಅಣ್ಣ. ಆಮೇಲೆ ಸುತ್ತಲ ಹಳ್ಳಿಗಳಿಗೆಲ್ಲ ನನ್ನ ಹೆಸರು ಅದೇ ಆಯಿತು.

ಡಾಕ್ಟ್ರಮ್ಮ ತೀರಿಕೊಂಡ ಮೇಲೆ ಅವರ ಕುರ್ಚಿ ನನಗೆ ಬಂತು. ಸತ್ತವರ ಮೇಲೆ ಮತ್ಸರ ಪಡುವುದು ಇನ್ನೂ ಕಷ್ಟ. ಅವರು ಇನ್ನು ತಪ್ಪು ಮಾಡುವುದೇ ಇಲ್ಲವಲ್ಲ. ಮೊದಲು ಬಂದ ಆವತಿಯ ಅಜ್ಜಿ ಕೂತವಳೇ, "ಡಾಕ್ಟ್ರಮ್ಮ ಇದ್ದಿದ್ರೆ..." ಎಂದು ಕಣ್ಣೊರೆಸಿಕೊಂಡಳು. ಹೊಟ್ಟೆ ಉರಿಯಿತು, ಸುಳ್ಳೇಕೆ?

"ಹೂಂ ಕಣಜ್ಜಿ, ಇದ್ದಿದ್ರೆ," ಎಂದೆ.

ಆಮೇಲಷ್ಟೇ ಅವಳು ನಾಡಿ ನೋಡಲು ಕೈ ಕೊಟ್ಟಳು.