ಎರಡು ಸಲ ಒರೆಸಿದರೂ ಹೋಗದ ವೈರಸ್

ಯಾದಗಿರಿ ಆಗಿನ್ನೂ ಹೊಸ ಜಿಲ್ಲೆ. ನಾನು ಸುರಪುರದಿಂದ ದಿನಾ ಬಸ್ಸು ಹಿಡಿದು ಶಹಾಪುರದ ಕಾಲುವೆ ಕಚೇರಿಯೊಂದಕ್ಕೆ ಹೋಗುತ್ತಿದ್ದೆ. ಟೈಪಿಸ್ಟ್ ಆಗಿ ಸೇರಿದವಳು ನಾನು. ಟೈಪ್ ಮಷೀನುಗಳು ಅಟ್ಟ ಸೇರಿ ಮೂರು ಕಂಪ್ಯೂಟರ್ ಬಂದಾಗ, ಯಾರಿಗೂ ಬರುವುದಿಲ್ಲವೆಂದು ನನ್ನನ್ನೇ ಅವುಗಳ ಮುಂದೆ ಕೂಡ್ರಿಸಿದರು. ನನಗೂ ಬರುತ್ತಿರಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ.

ಒಂದು ಸೋಮವಾರ ಬಂದು ನೋಡಿದರೆ ಪ್ರತಿಯೊಂದು ಫೋಲ್ಡರಿನ ಮೂಲೆಯಲ್ಲೂ ಸಣ್ಣದೊಂದು ಬಾಣದ ಗುರುತು. ಒತ್ತಿದರೆ ಕಪ್ಪು ಪರದೆಯೊಂದು ರೆಪ್ಪೆ ಮಿಟುಕಿಸಿದಂತೆ ಬಂದು ಹೋಗುತ್ತಿತ್ತು, ಒಳಗೆ ಏನೂ ಇಲ್ಲ. ಯಾವ ಊರಿನ ಹೊಲಕ್ಕೆ ಯಾವ ದಿನ ನೀರು ಎಂದು ಬರೆದ ವಾರಬಂದಿ ಪಟ್ಟಿಯೂ ಅದರಲ್ಲೇ ಇತ್ತು. ಕಾಲುವೆಯ ಕೊನೆಯ ಊರುಗಳ ರೈತರು ಕಿಟಕಿಯ ಹೊರಗೆ ನಿಂತು ತಮ್ಮ ದಿನ ಯಾವುದೆಂದು ಕೇಳುತ್ತಿದ್ದರು. ನಾನು ನೆನಪಿದ್ದಷ್ಟು ಹೇಳಿದೆ. ಹೇಳಿದ್ದು ಸರಿಯೋ ತಪ್ಪೋ ಎಂದು ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಯೋಚಿಸಿದೆ.

ಯಾದಗಿರಿಯಿಂದ ಕಂಪ್ಯೂಟರ್ ರಿಪೇರಿಯವರೊಬ್ಬರು ಬಂದರು. ಕಡಿಮೆ ಮಾತಿನವರು. ಇದು ವೈರಸ್, ಎಲ್ಲ ಒರೆಸಿ ಹೊಸದಾಗಿ ಹಾಕಬೇಕು, ಫೈಲುಗಳ ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದರು. ಇದೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಪ್ರತಿ ಶನಿವಾರ ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿ, ಅದನ್ನು ಮಾತ್ರೆಯ ಡಬ್ಬಿಯಲ್ಲಿಟ್ಟು ಅಲಮಾರಿಗೆ ಕೀಲಿ ಹಾಕುತ್ತಿದ್ದೆ. ಅವರು ಮೂರೂ ಕಂಪ್ಯೂಟರ್ ಒರೆಸಿ ಸಂಜೆಯ ಬಸ್ಸಿಗೆ ಹೋದರು. ಮರುದಿನ ನಾನು ಡಬ್ಬಿ ತೆಗೆದು ಫೈಲುಗಳನ್ನೆಲ್ಲ ವಾಪಸ್ ತುಂಬಿದೆ. ಮೂರು ದಿನಕ್ಕೆ ಬಾಣಗಳು ಮತ್ತೆ ಬಂದವು.

ಕಚೇರಿಯ ಸಾಹೇಬರು ನನ್ನನ್ನು ಕರೆದು, ಯಾರು ಏನು ಹಚ್ಚುತ್ತಾರೆ ಈ ಕಂಪ್ಯೂಟರಿಗೆ ಎಂದು ಕೇಳಿದರು. ಆಗ ನನ್ನ ಬಾಯಿಗೆ ಬಂದದ್ದು ಗೇಟಿನ ಕಾಕಾನ ಸುದ್ದಿ.

ಕಾಕಾ ದೇವಾಪುರದ ಕಡೆಯವನು. ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ. ಗೋಡೆಯ ಮೇಲೆ ಬುದ್ಧನ ಫೋಟೋ ಹಾಕಿದ ಮನೆ, ಮಕ್ಕಳೆಲ್ಲ ಓದಿದವರು. ನೀರಿನ ಮಟ್ಟ ಬರೆದ ವಹಿ ತಂದುಕೊಟ್ಟು ಹೋಗುವುದಷ್ಟೇ ಕಚೇರಿಯಲ್ಲಿ ಅವನ ಪಾಲಿನ ಕೆಲಸವಾಗಿತ್ತು. ಆದರೆ ಒಂದು ದಿನ ನನ್ನ ಹಿಂದೆ ನಿಂತು ನೋಡಿ, ಬಾಯಾರ, ನಾನೂ ಕಲೀಬಹುದೇನು ಎಂದು ಕೇಳಿದ್ದ. ಮೇಡಂ ಎನ್ನುವ ಬದಲು ಅವನು ನನ್ನನ್ನು ಬಾಯಾರ ಎನ್ನುತ್ತಿದ್ದ. ಐವತ್ತು ದಾಟಿದ ಮನುಷ್ಯ. ಊಟದ ಹೊತ್ತಿನಲ್ಲಿ ಒಂದೇ ಬೆರಳಿನಿಂದ ಅಂಕಿ ಹೊಡೆಯಲು ಕಲಿತ. ಆಮೇಲೆ ತನ್ನ ಗೇಟಿನ ಲೆಕ್ಕ ತಾನೇ ಹಾಕತೊಡಗಿದ. ಹಾಗೆ ಕೂತಾಗ ತನ್ನ ಫೋನನ್ನು ಕಂಪ್ಯೂಟರಿಗೆ ಹಚ್ಚಿ ಚಾರ್ಜ್ ಮಾಡಿಕೊಳ್ಳುತ್ತಿದ್ದ.

ಫೋನಿನಿಂದಲೇ ಬಂದಿದೆ ಎಂದರು ಸಾಹೇಬರು. ರಿಪೇರಿಯವರನ್ನು ಫೋನಿನಲ್ಲಿ ಕೇಳಿದಾಗ, ಹಾಗೂ ಆಗಬಹುದು ಎಂದರು. ಕಾಕಾನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಕಾಕಾ, ಇನ್ನ ಮ್ಯಾಲೆ ಈ ಖೋಲಿಗಿ ಬರಬ್ಯಾಡ್ರಿ. ವಹಿ ಕಿಟಕ್ಯಾಗ ಕೊಟ್ಟರ ಸಾಕು."

ಅವನು ಕಂಪ್ಯೂಟರನ್ನೊಮ್ಮೆ, ತನ್ನ ಫೋನನ್ನೊಮ್ಮೆ ನೋಡಿದ. "ಆತ್ರಿ ಬಾಯಾರ" ಎಂದಷ್ಟೇ ಹೇಳಿ ಹೋದ.

ಎರಡನೇ ಸಲ ಒರೆಸಿದರು. ನಾನು ಡಬ್ಬಿ ತೆಗೆದೆ, ಫೈಲು ತುಂಬಿದೆ. ಕಾಕಾ ಕಿಟಕಿಯಲ್ಲಿ ವಹಿ ಕೊಡುತ್ತಿದ್ದ, ಒಳಗೆ ಕಣ್ಣು ಹಾಯಿಸುತ್ತಿರಲಿಲ್ಲ. ನಾಲ್ಕನೇ ದಿನ ಬಾಣಗಳು ಬಂದವು.

ಈಗ ನನಗೆ ತಲೆಯೇ ಓಡದಾಯಿತು. ಕೋಣೆಗೆ ಯಾರೂ ಬಂದಿಲ್ಲ, ಏನೂ ಹಚ್ಚಿಲ್ಲ. ಕೀಲಿ ನನ್ನ ಹತ್ತಿರ. ನಾನೇ ಏನಾದರೂ ಒತ್ತಬಾರದ್ದನ್ನು ಒತ್ತುತ್ತಿದ್ದೇನೆಯೇ ಎಂದು ಕೀಬೋರ್ಡಿನ ಒಂದೊಂದು ಗುಂಡಿ ಮುಟ್ಟುವಾಗಲೂ ಬೆರಳು ಹಿಂದೆ ಸರಿಯುತ್ತಿತ್ತು. ಕಂಪ್ಯೂಟರಿನ ಬೆನ್ನಿನ ವೈರುಗಳನ್ನು ಬಗ್ಗಿ ಬಗ್ಗಿ ನೋಡಿದೆ, ಅಲ್ಲಿ ಏನು ಕಾಣಬೇಕೆಂಬುದೇ ಗೊತ್ತಿಲ್ಲದೆ.

ಮೂರನೇ ಸಲ ರಿಪೇರಿಯವರು ಒರೆಸಿ ಹೋಗಲಿಲ್ಲ. ನಾನು ಹೋದ ಮೇಲೆ ನೀವು ಏನೇನು ಮಾಡುತ್ತೀರೋ ನನ್ನ ಮುಂದೆಯೇ ಮಾಡಿ ಎಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಾನು ಡಬ್ಬಿ ತೆಗೆದೆ. ಪೆನ್ ಡ್ರೈವ್ ಹಚ್ಚುವ ಮೊದಲೇ ನನ್ನ ಕೈ ತಡೆದರು. ಅದನ್ನು ತಾವು ತಂದಿದ್ದ ಲ್ಯಾಪ್‌ಟಾಪಿಗೆ ಹಾಕಿ, ಹಳದಿ ಫೋಲ್ಡರುಗಳ ಸಾಲಿನಲ್ಲಿ ಒಂದನ್ನು ತೋರಿಸಿದರು.

"ಇದು ಯಾರು ಮಾಡಿದ್ದರಿ?"

ನಾನೇ ಯಾವಾಗಲೋ ಮಾಡಿದ್ದಿರಬೇಕು, ತೆರೆದರೆ ಖಾಲಿ ಇರುತ್ತದೆ ಎಂದೆ.

"ಇದು ಫೋಲ್ಡರ್ ಅಲ್ರಿ. ಫೋಲ್ಡರಿನ ವೇಷ ಹಾಕ್ಯಾದ. ರೋಗ ಇದರಾಗೇ ಅದ. ನಾ ಒರಸಿ ಹೋಗಾದು, ನೀವು ಇದನ್ನ ತಂದು ಮತ್ತ ಹಾಕಾದು."

ನನಗೆ ಪೂರ್ತಿ ಅರ್ಥವಾಗಲಿಲ್ಲ. ಕಾಯಿಲೆ ಬಾರದಿರಲೆಂದು ಎತ್ತಿಟ್ಟಿದ್ದರಲ್ಲೇ ಕಾಯಿಲೆ ಇರುವುದು ಹೇಗೆ? ಅದು ಅದರೊಳಗೆ ಮೊದಲು ಎಲ್ಲಿಂದ ಬಂತು ಎಂದು ಕೇಳಿದೆ. ಯಾದಗಿರಿಯ ಕಚೇರಿಯಿಂದಲೋ, ಸುರಪುರದ ಝೆರಾಕ್ಸ್ ಅಂಗಡಿಯಿಂದಲೋ, ಯಾರು ಹೇಳಬೇಕು ಎಂದರು. ನಾನು ಆ ಪೆನ್ ಡ್ರೈವನ್ನು ಎರಡೂ ಕಡೆ ಒಯ್ದಿದ್ದೆ. ಅವರು ಮೂರೂ ಕಂಪ್ಯೂಟರಿನ ನಡುವಿನ ವೈರು ಕಿತ್ತು, ಒಂದೊಂದನ್ನೇ ಒರೆಸಿ, ಪೆನ್ ಡ್ರೈವಿನ ಆ ವೇಷದ ಫೋಲ್ಡರನ್ನೂ ಅಳಿಸಿ, ಉಳಿದ ಫೈಲುಗಳನ್ನು ತಾವೇ ತುಂಬಿದರು. ಬಾಣಗಳು ಮತ್ತೆ ಬರಲಿಲ್ಲ. ವೈರಸ್ ಕೆಡಿಸಿದ್ದ ಎರಡು ತಿಂಗಳ ಗೇಟಿನ ಲೆಕ್ಕ ಮಾತ್ರ ಹೋಗಿಯೇ ಹೋಯಿತು, ವಹಿಗಳನ್ನು ನೋಡಿ ಹೊಸದಾಗಿ ಹೊಡೆದೆ.

ಮರುದಿನ ಬೆಳಿಗ್ಗೆ ಕಾಲುವೆಯ ಸೇತುವೆಯ ಹತ್ತಿರ ಬಸ್ಸಿಳಿದು ಗೇಟಿಗೆ ನಡೆದೆ. ಕಾಕಾ ಗೇಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚುತ್ತಿದ್ದ. ತಪ್ಪು ನಿಮ್ಮ ಫೋನಿನದಲ್ಲ, ನನ್ನ ಪೆನ್ ಡ್ರೈವಿನದು ಎಂದು ಹೇಳಿದೆ. ಅವನು ಸಿಟ್ಟಾಗುತ್ತಾನೆಂದು ಕಾದೆ. ಅವನು ಕೈ ಒರೆಸಿಕೊಂಡ.

"ನಾನೂ ಖರೇ ಅಂತ ನಂಬಿದ್ದೆರಿ ಬಾಯಾರ. ಮನ್ಯಾಗ ನನ್ನ ಫೋನ ಮಗಳ ಫೋನಿನ ಬಾಜೂಕ ಸುದ್ದ ಇಟ್ಟಿಲ್ಲ. ಅಕಿದೂ ಕೆಡತದ ಅಂತ ದನದ ಕೊಟ್ಟಿಗ್ಯಾಗ ಇಡತಿದ್ದೆ."

ಫೋನಿನ ರೋಗ ಹಾಗೆ ಹತ್ತಿರವಿಟ್ಟರೆ ಅಂಟುವುದಿಲ್ಲ ಎನ್ನಲು ಹೊರಟೆ, ಆದರೆ ಅಂಟುವುದಿಲ್ಲವೆಂದು ನನಗಾದರೂ ಎಲ್ಲಿ ಗೊತ್ತಿತ್ತು? ಒಳಗೆ ಬಂದು ನಿಮ್ಮ ಲೆಕ್ಕ ನೀವೇ ಹಾಕಿ ಎಂದೆ. ನೋಡೋಣ ಎಂದ.

ಹದಿನೈದು ದಿನ ಅವನು ಕಿಟಕಿಯಲ್ಲೇ ವಹಿ ಕೊಟ್ಟ. ಹದಿನಾರನೆಯ ದಿನ ಒಳಗೆ ಬಂದು ಕೂತ, ಫೋನನ್ನು ಹೊರಗೆ ಕಾವಲುಗಾರನ ಹತ್ತಿರ ಬಿಟ್ಟು.